ಪದಚರ್ಚೆ: ‘ಉಷ್ಣವಲಯ’, ‘ಗಂಟಲು ನೋವು’, ‘ಗಂಟಲು ಕಟ್ಟುವುದು’

ಎಲ್ಲರಿಗೂ ನಮಸ್ಕಾರ.

ಹೊರದೇಶ ಸುತ್ತಿ ಬೆಂಗಳೂರಿಗೆ ವಾಪಸ್ ಬಂದವರಿಗಾಗಿ ಒಂದು ಪುಟದ ಆರೋಗ್ಯ ಮಾಹಿತಿ ಬರೆಯುತ್ತಿದ್ದೇನೆ. ಬ್ಯಾಂಕಾಕ್, ಬಾಲಿ, ಕೀನ್ಯಾ ಕಡೆ ಹೋಗಿ ಬಂದಮೇಲೆ ಗಂಟಲು ನೋವು ಶುರುವಾದರೆ ಏನೇನು ಕಾರಣ ಇರಬಹುದು ಅನ್ನುವುದು ವಿಷಯ. ಕೆಲವು ಪದಗಳು ಕೈಗೆ ಹತ್ತುತ್ತಿಲ್ಲ.

ಮೊದಲು ‘ಉಷ್ಣವಲಯ’. ಭೂಗೋಳದ ಪಾಠಕ್ಕೆ ಸರಿ. ಆದರೆ ‘ಉಷ್ಣವಲಯದಿಂದ ಬಂದಮೇಲೆ ಗಂಟಲು ನೋವು’ ಅಂತ ಬರೆದರೆ ಓದುವವರಿಗೆ ‘ಉಷ್ಣ ಆಗಿದೆ’ ಅಂತಲೇ ಕೇಳಿಸುತ್ತದೆ, ಅಲ್ವಾ? ಎಳನೀರು ಕುಡಿದು ಸುಮ್ನಾಗಿಬಿಡುತ್ತಾರೆ. ಹೆಚ್ಚಿನ ಸಲ ಕಾರಣ ಬಿಸಿಲಲ್ಲ. ಶೀತ, ಫ್ಲೂ, ಕೋವಿಡ್‌ನಂಥ ವೈರಸ್. ಚಳಿ ದೇಶಗಳಲ್ಲಿ ಫ್ಲೂ ಚಳಿಗಾಲದಲ್ಲಿ ಜಾಸ್ತಿ. ಸಮಭಾಜಕದ ಹತ್ತಿರದ ದೇಶಗಳಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಹತ್ತಿಕೊಳ್ಳಬಹುದು. ಅದೂ ಅಲ್ಲದೆ ಬೆಂಗಳೂರೇ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಾವೂ ಉಷ್ಣವಲಯದವರೇ.

ಹಾಗಾಗಿ ಆ ಪದ ಬಿಟ್ಟು ದೇಶದ ಹೆಸರನ್ನೇ ಬರೆಯೋಣ ಅನ್ನಿಸುತ್ತಿದೆ. ಡಾಕ್ಟರಿಗೆ ಬೇಕಾದದ್ದೂ ಅದೇ: ಎಲ್ಲಿಗೆ ಹೋಗಿದ್ದಿರಿ, ಯಾವತ್ತು ಬಂದಿರಿ. ಪಶ್ಚಿಮ ಆಫ್ರಿಕಾದ ಲಾಸ್ಸಾ ಜ್ವರದಲ್ಲಿ ಗಂಟಲು ನೋವೂ ಇರುತ್ತದೆ. 1969ರಲ್ಲಿ ನೈಜೀರಿಯಾದ ಲಾಸ್ಸಾ ಊರಿನಲ್ಲಿ ಕಂಡುಬಂದದ್ದರಿಂದ ಆ ಹೆಸರು. ಪ್ರವಾಸಿಗರಲ್ಲಿ ತೀರಾ ಅಪರೂಪ. ಆದರೂ ಅಲ್ಲಿಂದ ಬಂದು ಮೂರು ವಾರದೊಳಗೆ ಜ್ವರ ಬಂದರೆ ಹೇಳಲೇಬೇಕು. ಮಲೇರಿಯಾ ಇರುವ ಊರಿಂದ ಬಂದವರಿಗೆ ಜ್ವರ ಇದ್ದರೆ, ಗಂಟಲು ನೋವೇ ಮುಂದಿದ್ದರೂ ರಕ್ತಪರೀಕ್ಷೆ ಬೇಕು.

ಇನ್ನು ‘ಗಂಟಲು ನೋವು’. ಈ ಒಂದೇ ಮಾತಿನೊಳಗೆ ಎಷ್ಟೋ ತೊಂದರೆಗಳನ್ನು ತುಂಬಿಬಿಡುತ್ತೇವೆ. ಮನೆಮಾತಿನಲ್ಲಿ ಇದಕ್ಕಿಂತ ನಿಖರವಾದ ಪದಗಳಿವೆ, ಅವನ್ನೇ ಬಳಸಬೇಕು ಅನ್ನುವುದು ನನ್ನ ಆಸೆ. ‘ಕೆರೆತ’ ಅಂದರೆ ವಿಮಾನದ ಒಣಗಾಳಿ, ಹೋಟೆಲಿನ ಏಸಿ, ಇಲ್ಲವೇ ಶೀತದ ಆರಂಭ. ‘ಉರಿ’ ಅಂದರೆ ಹೊತ್ತುಮೀರಿ ಖಾರ ತಿಂದು ಮಲಗಿ ಹುಳಿತೇಗು ಮೇಲೆ ಬಂದದ್ದೂ ಇರಬಹುದು. ‘ಎಂಜಲು ನುಂಗೋಕೂ ಆಗ್ತಿಲ್ಲ’ ಅನ್ನುವುದು ಬೇರೆಯೇ. ಅದರ ಜೊತೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕಲೆ, ಕುತ್ತಿಗೆಯ ಮುಂಭಾಗದಲ್ಲಿ ನೋಯುವ ಗಡ್ಡೆ ಇದ್ದು, ಕೆಮ್ಮು ಇಲ್ಲದಿದ್ದರೆ ಸ್ಟ್ರೆಪ್ ಬ್ಯಾಕ್ಟೀರಿಯಾ ಇರಬಹುದು. ಪರೀಕ್ಷೆ ಮಾಡಿಸಿ, ಸ್ಟ್ರೆಪ್ ಅಂತ ಗೊತ್ತಾದರೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ವೈರಸ್ಸಿಗೆ ಅದೇ ಮಾತ್ರೆ ನುಂಗಿ ಏನೂ ಪ್ರಯೋಜನವಿಲ್ಲ.

‘ಗಂಟಲು ಕಟ್ಟಿದೆ’ ಅನ್ನುವುದರಲ್ಲಿ ನನಗೆ ಗೊಂದಲ. ನಮ್ಮ ಮನೆಯಲ್ಲಿ ದನಿ ಕೂತರೆ ಹಾಗನ್ನುತ್ತೇವೆ. ನೋವಿಗೂ ಹಾಗೆ ಹೇಳುವವರನ್ನು ಇಲ್ಲಿ ಕೇಳಿದ್ದೇನೆ.

ಕೊನೆಯದು ‘ಗಂಟಲುಮಾರಿ’. ಡಿಫ್ತೀರಿಯಾಕ್ಕೆ ಎಷ್ಟು ಒಳ್ಳೆಯ ಪದ! ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರಿಗೇ ಅಡ್ಡ ಬರುವ ಕಾಯಿಲೆ, ಹೆಸರಲ್ಲೇ ಎಚ್ಚರಿಕೆ ಇದೆ. ಚಿಕ್ಕಂದಿನ ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುವುದರಿಂದ ದೊಡ್ಡವರಿಗೂ ಈ ಮಾತು ತಿಳಿದಿರಬೇಕು. ಆದರೆ ನಗರದ ಎಳೆಯರಿಗೆ ಇದು ಅರ್ಥವಾಗುತ್ತದೆಯೇ?

ನಿಮ್ಮ ಕಡೆ ‘ಗಂಟಲು ಕಟ್ಟಿದೆ’ ಅಂದರೆ ದನಿಯೋ, ನೋವೋ? ನುಂಗುವಾಗ ಮಾತ್ರ ಆಗುವ ನೋವಿಗೆ ಒಂದೇ ಪದ ಇದೆಯೇ? ‘ಗಂಟಲುಮಾರಿ’ಯನ್ನು ಒಂಟಿಯಾಗಿ ಬರೆಯಲೋ, ಪಕ್ಕದಲ್ಲಿ ಡಿಫ್ತೀರಿಯಾ ಅಂತಲೂ ಸೇರಿಸಲೋ? ಯಾವ ಊರಿನ ಬಳಕೆ ಅನ್ನುವುದನ್ನೂ ದಯವಿಟ್ಟು ಬರೆಯಿರಿ.