ಸವಿತಾ, ಅಮ್ಮನ ಏಕಾದಶಿ ವಿಷಯ

ಸವಿತಾ, ನಿನ್ನ ಮೆಸೇಜ್ ನೋಡಿದೆ ಕಣೇ. ಎರಡನೇ ಕೀಮೋ ಆಗಿದೆ, ಆದರೂ ಅಮ್ಮ ಶನಿವಾರ ಏಕಾದಶಿಗೆ ನೀರೂ ಮುಟ್ಟಲ್ಲ ಅಂತಾಳೆ, ಆಸ್ಪತ್ರೆಯವರು ಹೇಳಿದ ಪೇಷೆಂಟ್‌ಗಳ ಗುಂಪಿಗೆ ಬಾ ಅಂದರೆ ‘ನನಗೆ ರಾಯರಿದ್ದಾರೆ’ ಅಂತಾಳೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಅವಳ ಹಟ ಇವತ್ತಿನದಾ?

ಗಂಗತ್ತಿಗೆಗೆ ಆದದ್ದು ನಿನಗೆ ಗೊತ್ತಿಲ್ಲ, ಆಗ ನೀನು ಹಾಸ್ಟೆಲ್‌ನಲ್ಲಿದ್ದೆ. ಅವರಿಗೂ ಸ್ತನದ ಕ್ಯಾನ್ಸರೇ. ಕೀಮೋ ಆಗಿ ಹತ್ತು ದಿನಕ್ಕೆ ಏಕಾದಶಿ ಬಂತು. ತೀರ್ಥ ಕೊಡುವಾಗ ಉದ್ಧರಣೆ ಹಿಡಿದ ನನ್ನ ಬೆರಳಿಗೆ ಅವರ ಅಂಗೈ ತಗುಲಿತು. ಕಾದ ಹಂಚು! ಆಸ್ಪತ್ರೆಗೆ ಫೋನ್ ಮಾಡೋಣ ಅಂದೆ. ‘ನಾಳೆ ಪಾರಣೆ ಮುಗೀಲಿ’ ಅಂದರು. ಮನೆಯವರೆಲ್ಲ ಅದಕ್ಕೇ ತಲೆಯಾಡಿಸಿದರು. ಪಾರಣೆ ಎಲ್ಲಿ ಬಂತು? ರಾತ್ರಿಯೇ ನಡುಕ ಹತ್ತಿ, ಬಿಪಿ ಕುಸಿದು, ಐಸಿಯು ಸೇರಿದರು. ಸೋಂಕು ತಡೆಯೋ ಬಿಳಿ ರಕ್ತಕಣ ತೀರಾ ಇಳಿದುಹೋಗಿತ್ತಂತೆ. ಉಳಿದುಕೊಂಡರು, ಆದರೆ ಮುಂದಿನ ಕೀಮೋ ತಡವಾಯಿತು. ವ್ರತ ಮುಗೀಲಿ ಅಂತ ಕಾದದ್ದಕ್ಕೆ ಇಷ್ಟಾಯಿತು. ಅದಕ್ಕೇ ಹೇಳುತ್ತೇನೆ, ಕೀಮೋ ನಡೆಯುವಾಗ ನಿರ್ಜಲ ಉಪವಾಸ ಬೇಡವೇ ಬೇಡ. ಕಾಯಿಲೆಯವರು ಹಾಲು ಹಣ್ಣು ತಗೊಳ್ಳೋಕೆ ಶಾಸ್ತ್ರದಲ್ಲೇ ದಾರಿ ಇದೆ. ಮಠದ ಆಚಾರ್ಯರ ಬಾಯಿಂದಲೇ ಹೇಳಿಸು. ಹಾಲು ಕಾಯಿಸಿದ್ದಾಗಿರಲಿ.

ರಾಯರನ್ನು ಬಿಡು ಅನ್ನುತ್ತಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನ ಕೀಮೋ ಡ್ರಿಪ್ ಮುಗಿಯುವ ತನಕ ನಾನೂ ಅಷ್ಟಾಕ್ಷರ ಜಪಿಸುತ್ತಲೇ ಇರುತ್ತಿದ್ದೆ. ಎದೆ ಡವಡವ ಇಳಿಯುತ್ತಿತ್ತು. ಆದರೆ ಆಪರೇಷನ್ ಆದ ಕಡೆಯ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ, ಗೋಡೆ ಮೇಲೆ ಬೆರಳು ಹತ್ತಿಸುತ್ತಾ ತೋಳು ಎತ್ತಿ, ಬಾಯಿ ಹುಣ್ಣಿಗೆ ಉಪ್ಪು-ಸೋಡಾ ನೀರು ಮುಕ್ಕಳಿಸಿ ಅಂತ ಹೇಳಿಕೊಟ್ಟವರು ಗುಂಪಿನ ಹೆಂಗಸರು. ಒಬ್ಬರು ತೆಗೆದ ಸ್ತನದ ಜಾಗಕ್ಕೆ ರವಿಕೆಯೊಳಗೆ ಇಟ್ಟುಕೊಳ್ಳೋ ಪ್ಯಾಡ್ ಹೊಲಿಯೋದು ತೋರಿಸಿದರು. ಬರೀ ಹತ್ತಿ ಮೇಲಕ್ಕೆ ಜರುಗುತ್ತೆ ಅಂತ ತೂಕಕ್ಕೆ ಒಂದು ಹಿಡಿ ಸಾಸಿವೆ ಸೇರಿಸಿದ್ದರು. ಇದನ್ನೆಲ್ಲ ಯಾವ ಡಾಕ್ಟರನ್ನು ಕೇಳೋಕಾಗುತ್ತೆ?

ನಮ್ಮವರೋ! ಗೃಹಪ್ರವೇಶದಲ್ಲಿ ನನ್ನ ಬೋಳುತಲೆ ನೋಡಿ ಆರತಿ ತಟ್ಟೆ ಬೇರೆಯವರ ಕೈಗೆ ಹೋಯಿತು. ನಿಮ್ಮ ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು, ಮುತ್ತೈದೆ ಅಲ್ವಾ ನಾನು? ಅಂಟುತ್ತೆ ಅಂತ ಲೋಟ ಬೇರೆ ಇಟ್ಟವರೂ ಇದ್ದಾರೆ. ನಮ್ಮ ಮನೆಯವರ ಇದೇ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸೋಕೆ ಮಾತ್ರ ಬರುತ್ತೆ.

ಇರಲಿ. ಸವಿತಾ, ಮತ್ತೆ ಹೇಳುತ್ತೇನೆ, ನಿರ್ಜಲ ಬೇಡ. ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಥರ್ಮಾಮೀಟರ್ ಇದೆಯಾ? ಕೀಮೋ ಆಗಿ 7ರಿಂದ 14 ದಿನದೊಳಗೆ ಬಿಳಿ ಕಣ ಜಾಸ್ತಿ ಇಳಿಯೋದು. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡು. ಅವರನ್ನು ಕೇಳದೆ ಪ್ಯಾರಸಿಟಮಾಲ್ ಕೊಡಬೇಡ, ಜ್ವರ ಇರೋದೇ ಗೊತ್ತಾಗಲ್ಲ. ಆ ದಿನಗಳಲ್ಲಿ ಮಠದ ನೂಕುನುಗ್ಗಲೂ ಬೇಡ. ಗುಂಪು ಯಾವತ್ತು ಸೇರುತ್ತೆ ಅಂತ ಆಸ್ಪತ್ರೆಯ ಸೋಷಿಯಲ್ ವರ್ಕರ್‌ನ ಕೇಳು. ಮುಂದಿನ ಕೀಮೋಗೆ ಸ್ವಲ್ಪ ಮುಂಚೆ, ಕಣ ಏರಿದ ಮೇಲೆ ಹೋಗೋಣ. ಮೊದಲ ಸಲ ನಾನೇ ಜೊತೆಗೆ ಬರುತ್ತೇನೆ. ಗುರುವಾರ ಬಿಟ್ಟು ಯಾವತ್ತಾದರೂ ಸರಿ.