ಹೀಟರ್ ಫ್ಯಾನ್ ರಿಪೇರಿ: ಮನೆಯಲ್ಲೇ ಸೋಲ್ಡರ್ ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಕಾರಿನ ಹೀಟರ್ ಫ್ಯಾನ್ 4ನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದೆ. ಫ್ಯಾನಿನ ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಪ್ಯಾಕ್ ಬಿಚ್ಚಿದೆ, ಅದರಲ್ಲಿರುವ ಥರ್ಮಲ್ ಫ್ಯೂಸ್ (ಬಿಸಿ ಜಾಸ್ತಿಯಾದರೆ ಕಡಿದುಹೋಗುವ ಫ್ಯೂಸ್) ಹೋಗಿದೆ. ಅದೊಂದನ್ನೇ ಬದಲಿಸಿ ಸೋಲ್ಡರ್ ಮಾಡಬಹುದಾ?

ಉತ್ತರ 1: ಮಾಡಬಹುದು, ನಾನು ಮಾಡಿದ್ದೇನೆ. ಆದರೆ ಮೂರು ಫ್ಯೂಸ್ ಕಳೆದುಕೊಂಡ ಮೇಲೆ. 184 ಡಿಗ್ರಿಗೆ ಕಡಿದುಹೋಗುವ ಫ್ಯೂಸ್ ಅದು, ನನ್ನ ಸೋಲ್ಡರಿಂಗ್ ಐರನ್ 350ರಲ್ಲಿತ್ತು, ಐದು ಸೆಕೆಂಡ್ ಹಿಡಿದೆ, ಮೀಟರ್ ಇಟ್ಟರೆ ಬೀಪ್ ಇಲ್ಲ, ಅಂದರೆ ಫ್ಯೂಸ್ ಹೋಯಿತು. ಎರಡನೆಯದಕ್ಕೂ ಅದೇ ಗತಿ. ಮೂರನೆಯದು ಚೆನ್ನಾಗಿ ಕೂತಿತು, ಕಾಲು ಬಗ್ಗಿಸಲು ಹೋದೆ, ಬುಡದಲ್ಲೇ ಮುರಿಯಿತು. ನಾಲ್ಕನೆಯದಕ್ಕೆ ಕಾಲು ಉದ್ದ ಬಿಟ್ಟೆ, ಬಿಸಿ ಫ್ಯೂಸಿಗೆ ಹೋಗದಂತೆ ಫ್ಯೂಸಿಗೂ ಐರನ್‌ಗೂ ನಡುವೆ ಇಕ್ಕಳದಲ್ಲಿ ಹಿಡಿದೆ, ಎರಡೇ ಸೆಕೆಂಡಿನಲ್ಲಿ ಮುಗಿಸಿದೆ. ಎರಡು ಚಳಿಗಾಲ ಕಳೆದಿದೆ, ಇನ್ನೂ ಓಡುತ್ತಿದೆ.

ಉತ್ತರ 2: ಅಲ್ಲಿ ಸೋಲ್ಡರ್ ಯಾಕೆ ಸ್ವಾಮಿ, ಕ್ರಿಂಪ್ ಮಾಡಿ (ಲೋಹದ ತೋಳಿನೊಳಗಿಟ್ಟು ಟೂಲಿನಲ್ಲಿ ಒತ್ತಿ ಜೋಡಿಸುವುದು). ಸೀಸದ ಸೋಲ್ಡರ್ 183 ಡಿಗ್ರಿಗೇ, ಅಂದರೆ ಫ್ಯೂಸ್ ಕಡಿಯುವ ಮೊದಲೇ ಕರಗುತ್ತದೆ. ನನ್ನದು ಒಂದೇ ತಿಂಗಳಲ್ಲಿ ಸಡಿಲವಾಯಿತು, ಮತ್ತೆ ಡ್ಯಾಶ್ ಕೆಳಗೆ ತಲೆಕೆಳಗಾಗಿ ಮಲಗಿ ಇಡೀ ಭಾನುವಾರ ಹಾಳು, ಗ್ಲವ್ ಬಾಕ್ಸಿನ ಎರಡು ಕ್ಲಿಪ್ಪೂ ಮುರಿದವು.

ಉತ್ತರ 3: ನಾನು ಫ್ಯೂಸ್ ಜಾಗಕ್ಕೆ ತಂತಿ ಹಾಕಿಬಿಟ್ಟೆ. ವರ್ಷವಾಯಿತು, ಏನೂ ಆಗಿಲ್ಲ. ಸುಮ್ನೆ ತಲೆಕೆಡಿಸಿಕೊಳ್ಳಬೇಡಿ.

ಉತ್ತರ 2: ದಯವಿಟ್ಟು ಯಾರೂ ಹೀಗೆ ಮಾಡಬೇಡಿ! ಫ್ಯಾನ್ ಜಾಮ್ ಆಗಿ ಗಾಳಿ ನಿಂತರೆ ರೆಸಿಸ್ಟರ್ ಕೆಂಪಗೆ ಕಾಯುತ್ತದೆ. ಸುತ್ತ ಇರುವುದು ಪ್ಲಾಸ್ಟಿಕ್. ಮನೆಯವರೂ ಅದೇ ಕಾರಿನಲ್ಲಿ ಕೂರುತ್ತಾರೆ ಅಲ್ವಾ?

ಉತ್ತರ 3: ಫ್ಯೂಸ್ ಬಾಕ್ಸಿನಲ್ಲಿ 30 ಆಂಪಿಯರ್ ಫ್ಯೂಸ್ ಇದೆಯಲ್ಲ. ಹೆದರಿಸುವುದು ಬಿಡಿ.

ಉತ್ತರ 4: ಅದು ಕರೆಂಟ್ ನೋಡುತ್ತದೆ, ಬಿಸಿ ನೋಡುವುದಿಲ್ಲ. ಇರಲಿ. ನನ್ನ ಕಾರಿನಲ್ಲಿ ರೆಸಿಸ್ಟರ್ ಪ್ಯಾಕ್ ಬದಲು ಇರುವುದು ಮಾಸ್‌ಫೆಟ್ (ಸ್ಪೀಡ್ ನಿಯಂತ್ರಿಸುವ ಟ್ರಾನ್ಸಿಸ್ಟರ್) ಮಾಡ್ಯೂಲ್. 25 ವ್ಯಾಟ್ ಐರನ್ ಹಿಡಿದು ಕೂತೆ, ಬೋರ್ಡಿನ ತಾಮ್ರವೇ ಬಿಸಿಯನ್ನೆಲ್ಲ ಎಳೆದುಕೊಂಡಿತು, ನಾನು ಒತ್ತಿ ಒತ್ತಿ ಬೋರ್ಡಿನ ಒಂದು ಟ್ರ್ಯಾಕ್ (ತಾಮ್ರದ ಗೆರೆ) ಎದ್ದುಬಂತು. 60 ವ್ಯಾಟಿನದು ತಂದೆ. ಹೊಸ ಮಾಸ್‌ಫೆಟ್ ಹಾಕಿದೆ, ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಮರೆತಿದ್ದೆ, ವಾರದಲ್ಲಿ ಸತ್ತಿತು. ಪೇಸ್ಟ್ ಹಚ್ಚಿ ಇನ್ನೊಂದು ಹಾಕಿದೆ, ಅದೂ ಸತ್ತಿತು. ಕೊನೆಗೆ ಗೊತ್ತಾಯಿತು, ಮೋಟರಿನ ಬೇರಿಂಗ್ ಬಿಗಿಯಾಗಿ ಕರೆಂಟ್ ಜಾಸ್ತಿ ಎಳೆಯುತ್ತಿತ್ತು. ಮೊದಲು ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೂ ರೆಸಿಸ್ಟರ್‌ಗೆ ಗಾಳಿ ಸಿಗದೆ ಫ್ಯೂಸ್ ಹೋಗುತ್ತದೆ.

ಉತ್ತರ 1: ಎರಡನೇ ಉತ್ತರದವರಿಗೆ: ನಾನು ಬಳಸಿದ್ದು ಸೀಸ ಇಲ್ಲದ ಸೋಲ್ಡರ್, ಅದು ಕರಗಲು 217 ಡಿಗ್ರಿ ಬೇಕು. ನಿಮ್ಮದು ಸಡಿಲವಾಗಿದ್ದು ಡ್ರೈ ಸೋಲ್ಡರ್‌ನಿಂದ, ಅಂದರೆ ಸೋಲ್ಡರ್ ಸರಿಯಾಗಿ ಹಿಡಿಯದೆ. ಕ್ರಿಂಪ್ ಟೂಲ್ ಎಲ್ಲರ ಹತ್ತಿರ ಇರುವುದಿಲ್ಲ, ನಾನು ಕಟಿಂಗ್ ಪ್ಲೇಯರ್‌ನಲ್ಲೇ ಒತ್ತುತ್ತೇನೆ.

ಉತ್ತರ 2: ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದಕ್ಕೆ ಕ್ರಿಂಪ್ ಅಂತ ಹೆಸರಿಡಬೇಡಿ. ಕನೆಕ್ಟರ್ ಕರಗಿದ ಫೋಟೋ ನನ್ನ ಹತ್ತಿರ ಇದೆ, ರಾತ್ರಿ ಹಾಕುತ್ತೇನೆ.