ನೈಲ್ ದಂಡೆಗೆ ನರ್ಗೀಸ್ ಮಂಡಕ್ಕಿ

ದಕ್ಷಿಣ ಸುಡಾನಿಗೆ ಬೆಣ್ಣೆದೋಸೆ ಕಳಿಸೋಕೆ ಆಗಲ್ಲ ಅಂತ ಮಂಜಣ್ಣನನ್ನು ಒಪ್ಪಿಸುವಷ್ಟರಲ್ಲಿ ನಮಗೆ ಎರಡು ಪ್ಲೇಟ್ ಮಿರ್ಚಿ ಖರ್ಚಾಗಿತ್ತು.

ದಾವಣಗೆರೆಯಲ್ಲಿ ಸಂಜೆಯಾದರೆ ಮಿರ್ಚಿ ಬಾಣಲೆ ಇಲ್ಲದ ರಸ್ತೆಯನ್ನು ಹುಡುಕಬೇಕು. ಅಂಥದ್ದೊಂದು ಬಾಣಲೆಯ ಪಕ್ಕದ ಬೆಂಚು ನಮ್ಮ ಕಾಯಂ ಜಾಗ. ನಾನು, ಮಂಡಕ್ಕಿ ಭಟ್ಟಿಯ ಮಂಜಣ್ಣ, ರಿಟೈರಾದ ಇತಿಹಾಸದ ಮೇಷ್ಟ್ರು, ಸೈನ್ಯದಿಂದ ಬಂದು ಈಗ ಎಟಿಎಂ ಕಾಯುವ ಸುಬೇದಾರ್ರು. ನಮ್ಮ ಓಣಿಯ ಗಿರಿಜಕ್ಕನ ಮಗ ಬಸು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಮಲಕಾಲ್ ಅನ್ನೋ ಊರಿಗೆ ಹೋಗಿದ್ದಾನೆ. ಬಿಳಿ ನೈಲ್ ನದಿಯ ದಂಡೆ. ಅವನಿಗೂ ಜೊತೆಯವರಿಗೂ ಓಣಿಯವರೆಲ್ಲ ಸೇರಿ ಒಂದು ಡಬ್ಬ ಕಟ್ಟಿ ಕಳಿಸೋಣ ಅಂತ ಶುರುವಾಯಿತು. ಯಾರು ಶುರು ಮಾಡಿದ್ದು ಅಂತ ಈಗ ಯಾರೂ ಒಪ್ಪಿಕೊಳ್ಳುತ್ತಿಲ್ಲ.

"ದೋಸೆ ಬೇಡ ಅಂದ್ರೆ ಮಂಡಕ್ಕಿ ಆಯ್ತು. ನರ್ಗೀಸ್ ಮಂಡಕ್ಕಿ, ಒಂದು ಚೀಲ. ದುಡ್ಡು ಬೇಡ," ಅಂದ ಮಂಜಣ್ಣ.

"ಹಗುರ ಬೇರೆ. ಕೊರಿಯರ್ ಖರ್ಚೂ ಕಮ್ಮಿ," ಅಂದೆ ನಾನು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನ ಕೊರಿಯರ್ ಅಂಗಡಿಯ ಹುಡುಗ ಡಬ್ಬಕ್ಕೆ ಟೇಪ್ ಹಿಡಿದ. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಗುಣಿಸಿ 5000ದಿಂದ ಭಾಗಿಸಿದ. "19 ಕೆಜಿ ಚಿಲ್ಲರೆ ಸರ್."

"ಲೇ ತಮ್ಮಾ, ತಕ್ಕಡಿ ನೋಡು. ಏಳು ಕೆಜಿನೂ ಇಲ್ಲ," ಅಂದ ಮಂಜಣ್ಣ.

"ವಿಮಾನದಲ್ಲಿ ಹಂಗೇ ಸರ್. ತೂಕ, ಜಾಗ ಎರಡರಲ್ಲಿ ಯಾವುದು ಜಾಸ್ತಿ ಬರುತ್ತೋ ಅದಕ್ಕೆ ದುಡ್ಡು."

"ಅಂದ್ರೆ ಗಾಳಿಗೆ ದುಡ್ಡು ಕೊಡಬೇಕಾ?"

"ನೀವು ಗಾಳಿ ಮಾರೋರೇ ಅಲ್ವಾ?" ಅಂದರು ಮೇಷ್ಟ್ರು. ಮಂಜಣ್ಣ ಎರಡು ದಿನ ಬೆಂಚಿನ ಆ ತುದಿಯಲ್ಲಿ ಕೂತ.

ಅಷ್ಟರಲ್ಲಿ ಓಣಿಗೆ ಸುದ್ದಿ ಹರಡಿ ಸಾಮಾನು ಬರೋಕೆ ಶುರುವಾಗಿತ್ತು. ಅದೂ ಎಂಥದ್ದು! ನಾಲ್ಕು ಸ್ವೆಟರ್, ಎರಡು ಮಂಕಿ ಕ್ಯಾಪ್, ಒಂದು ರಗ್ಗು. ನಮ್ಮ ಜನಕ್ಕೆ ಸೈನಿಕ ಅಂದರೆ ಹಿಮ. ಮಲಕಾಲ್‌ನ ಬೇಸಿಗೆ ನಮ್ಮ ಏಪ್ರಿಲ್‌ಗಿಂತ ಒಂದು ಕೈ ಮೇಲು ಅಂತ ಹೇಳಿದರೆ, "ಇರ್ಲಿ ಬಿಡ್ರಿ, ರಾತ್ರಿ ಹೊತ್ತು ಬೇಕಾಗುತ್ತೆ" ಅಂದರು. ಮೂರು ಕ್ಯಾಲೆಂಡರ್ ಬಂದವು. ಬಡ್ಡಿ ವ್ಯವಹಾರದವರೊಬ್ಬರು ತಮ್ಮ ಫೋಟೋ ಇದ್ದ ಕ್ಯಾಲೆಂಡರನ್ನೇ ಕೊಟ್ಟಿದ್ದರು. ಆ ಮುಖ ನೋಡೋಕೆ ಬಸು ಅಷ್ಟು ದೂರ ಹೋಗಬೇಕಿತ್ತಾ?

ಗಿರಿಜಕ್ಕ ಒಣಕೊಬ್ಬರಿ ಗಿಟುಕು ತಂದಿಟ್ಟಳು. ಕೊರಿಯರ್ ಹುಡುಗ ಪಟ್ಟಿ ತೆಗೆದ. ವಿಮಾನದ ಸರಕಿನ ಲೆಕ್ಕದಲ್ಲಿ ಕೊಬ್ಬರಿ ಅಪಾಯದ ವಸ್ತು. ಒಳಗಿನ ಎಣ್ಣೆಗೆ ಗಾಳಿ ತಾಗಿ ಬಿಸಿಯಾಗುತ್ತಾ ಹೋಗಿ ತಾನಾಗೇ ಹೊತ್ತಿಕೊಳ್ಳಬಹುದಂತೆ. ಅದಕ್ಕೊಂದು ನಂಬರೂ ಇದೆ, ಯುಎನ್ 1363.

"ನಮ್ಮಜ್ಜಿ ಅಟ್ಟದ ಮೇಲೆ ಜೀವಮಾನವಿಡೀ ಕೊಬ್ಬರಿ ಇಟ್ಟಿದ್ಲು. ಬೆಂಕಿ ಬಿದ್ದಿದ್ದು ಒಂದೇ ಸಲ, ಅದೂ ಅಜ್ಜನ ಬೀಡಿಯಿಂದ," ಅಂದ ಮಂಜಣ್ಣ.

ಗಿರಿಜಕ್ಕನ ಸಂಕಟ ಬೇರೆ. "ಯುಎನ್ ಅಂದ್ರೆ ಬಸೂನ್ನ ಕರ್ಕೊಂಡು ಹೋದೋರೇ ಅಲ್ವೇನ್ರಿ? ಮಗ ಬೇಕು, ಕೊಬ್ಬರಿ ಬೇಡ್ವಾ?"

ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೇಷ್ಟ್ರು ಮಾತ್ರ ಇತಿಹಾಸಕ್ಕೆ ಇಳಿದರು. "ನೋಡ್ರಿ, 1914ರ ಕ್ರಿಸ್‌ಮಸ್‌ಗೆ ಇಂಗ್ಲೆಂಡಿನ ರಾಜಕುಮಾರಿ ಮೇರಿ ಹೆಸರಲ್ಲಿ ಸೈನಿಕರಿಗೆಲ್ಲ ಹಿತ್ತಾಳೆ ಡಬ್ಬಿ ಹೋಯ್ತು. ಅಲ್ಲಿಯವರಿಗೆ ತಂಬಾಕು, ಸಿಗರೇಟು. ನಮ್ಮ ಕಡೆಯ ಸೈನಿಕರ ಪಾಲಿಗೆ ಕಲ್ಲುಸಕ್ಕರೆ, ಮಸಾಲೆ. ಯಾರಿಗೆ ಏನು ಇಷ್ಟ ಅಂತ ವಿಚಾರ ಮಾಡಿ ಕಳಿಸಿದ್ರು. ಇನ್ನು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿ ನೋಡ್ಕೊಂಡ್ರು. ಆಮೇಲೆ ಸೈಪ್ರಸ್‌ನಲ್ಲಿ ಶಾಂತಿಪಡೆಗೆ ಮುಖ್ಯಸ್ಥರಾಗಿ, 1965ರಲ್ಲಿ ಅಲ್ಲೇ..."

"ಮಿರ್ಚಿ ಆರ್ತದೆ ಮೇಷ್ಟ್ರೇ," ಅಂದ ಮಂಜಣ್ಣ.

ಬಾಣಲೆಯ ಮುಂದೆ ಕೂತ ಅಕ್ಕ ಇಷ್ಟು ದಿನ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಳಲ್ಲ, ಅವತ್ತು ಝಾರ ಎತ್ತಿ ಹಿಡಿದೇ ಕೇಳಿದಳು. "ಆ ಹುಡುಗನಿಗೆ ಏನು ಬೇಕು ಅಂತ ಯಾರಾದ್ರೂ ಕೇಳಿದೀರಾ?"

ಹನ್ನೆರಡು ದಿನದ ಚರ್ಚೆಯಲ್ಲಿ ಇದೊಂದು ಉಳಿದೇ ಹೋಗಿತ್ತು. ನಿಜ ಹೇಳಬೇಕೆಂದರೆ ನಾವು ಕಟ್ಟುತ್ತಿದ್ದದ್ದು ಬಸುಗೆ ಬೇಕಾದದ್ದನ್ನಲ್ಲ, ಊರು ಬಿಟ್ಟರೆ ನಮಗೆ ಏನು ನೆನಪಾಗುತ್ತೋ ಅದನ್ನು.

ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ರಾತ್ರಿ ಹತ್ತಕ್ಕೆ ಫೋನ್ ಹಚ್ಚಿದೆವು. ಬಸು ನಕ್ಕ. "ರೇಷನ್ ಯುಎನ್ ಕೊಡುತ್ತೆ ಮಾವ, ಅಡುಗೆ ನಮ್ಮೋರೇ ಮಾಡ್ತಾರೆ. ಊಟಕ್ಕೆ ತೊಂದರೆ ಇಲ್ಲ. ಎರಡು ಜೊತೆ ಕಾಟನ್ ಬನಿಯನ್, ಒಂದು ಕಟ್ಟು ಇಸ್ಪೀಟು, ಅವ್ವನ ಶೇಂಗಾ ಚಟ್ನಿಪುಡಿ. ಸಾಕು. ಮಂಡಕ್ಕಿ ಮಾತ್ರ ಬೇಡ. ಮಳೆ ಶುರುವಾಗಿದೆ, ಮೆತ್ತಗಾಗಿಬಿಡುತ್ತೆ."

ಮಂಜಣ್ಣ ಎದ್ದು ಹೋಗಿ ದೂರ ನಿಂತ. "ನರ್ಗೀಸ್ ಮೆತ್ತಗಾಗುತ್ತಂತೆ," ಅಂತ ಲೈಟ್ ಕಂಬಕ್ಕೆ ಹೇಳುತ್ತಿದ್ದ.

ಬನಿಯನ್ ಹುಡುಕುವಾಗ ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಮಿಲ್ಲುಗಳ ಸೈರನ್ ಕೇಳಿ ಬೆಳೆದವರು ನಾವು. ಈಗ ಸಿಕ್ಕಿದ್ದು ತಿರುಪ್ಪೂರಿನ ಬನಿಯನ್.

ಚಟ್ನಿಪುಡಿಗೆ ಮಾತ್ರ ಕೊರತೆ ಆಗಲಿಲ್ಲ. ಗಿರಿಜಕ್ಕ ಶೇಂಗಾ ಹುರಿದು, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದಳು. ಬ್ಯಾಡಗಿ ಖಾರದಪುಡಿ, ಜೀರಿಗೆ, ಉಪ್ಪು, ಸಿಪ್ಪೆ ಸಮೇತ ಬೆಳ್ಳುಳ್ಳಿ. ಮಿಕ್ಸಿ ಬೇಡ ಅಂದಳು, ಒರಳಲ್ಲೇ ಕುಟ್ಟಿದಳು. ಶೇಂಗಾ ಎಣ್ಣೆ ಬಿಟ್ಟುಕೊಂಡು ಪುಡಿ ಕೈಗೆ ಮುದ್ದೆ ಕಟ್ಟುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿದಳು. ಕವರಿನ ಬಾಯಿ ಮಡಚಿ, ಹ್ಯಾಕ್ಸಾ ಬ್ಲೇಡ್ ಒತ್ತಿ ಹಿಡಿದು, ಅಂಚಿಗೆ ಮೇಣದಬತ್ತಿ ಉರಿ ತೋರಿಸಿ ಸೀಲ್ ಮಾಡಿದ್ದು ನಾನು. ಎರಡು ಬೆರಳು ಸುಟ್ಟುಕೊಂಡೆ. ದೇಶಸೇವೆ ಅಂತ ಮನೆಯಲ್ಲಿ ಹೇಳಿದ್ದೇನೆ.

ಕೊರಿಯರ್ ಬಿಟ್ಟು ಸೈನ್ಯದ ಅಂಚೆಗೇ ಹಾಕಿ ಅಂದರು ಸುಬೇದಾರ್ರು. ಬಟ್ಟೆ ಹೊಲಿದು ಮೇಲೆ ಬರೆಸಿದರು: ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೇರ್ ಆಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಪಿನ್ ಕೋಡ್ 9ರಿಂದ ಶುರು.

"ದಕ್ಷಿಣ ಸುಡಾನ್ ಅಂತ ಬರೆಯೋದು ಬೇಡ್ವಾ?" ಅಂದೆ.

"ಊರ ಹೆಸರು ಬರೆಯೋ ಹಾಗಿಲ್ಲ. ದಿಲ್ಲಿಗೆ ಹೋಗುತ್ತೆ. ಯಾವ ಯೂನಿಟ್ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ."

ಮಂಜಣ್ಣನಿಗೆ ಈಗ ಬೆಳಕಾಯಿತು. "ಹಂಗಾದ್ರೆ 56 ಎಪಿಒ ಅಂದ್ರೆ ಊರಲ್ವಾ? ನನ್ನ ಷಡ್ಡಕನ ತಮ್ಮ ಲಡಾಖ್‌ನಲ್ಲಿದ್ದಾಗ್ಲೂ 56, ಜೋಧಪುರದಲ್ಲಿದ್ದಾಗ್ಲೂ 56. ವರ್ಗಾನೇ ಆಗಿಲ್ಲ, ಸುಳ್ಳು ಹೇಳ್ತಾನೆ ಅಂದ್ಕೊಂಡಿದ್ದೆ."

ಡಬ್ಬದ ಬಾಯಿ ಮುಚ್ಚುವಾಗ ಒಳಗೆ ಸಾಮಾನು ಅಲ್ಲಾಡುತ್ತಿತ್ತು. ಸಂದುಗಳಿಗೆ ತುಂಬೋಕೆ ಪೇಪರ್ ಹುಡುಕುತ್ತಿದ್ದೆವು. ಮಂಜಣ್ಣ ಮಾತಿಲ್ಲದೆ ಚೀಲದಿಂದ ಸಣ್ಣ ಸಣ್ಣ ಕವರುಗಳನ್ನು ತೆಗೆದು ಸಂದುಸಂದಿಗೂ ತುರುಕಿದ. ನರ್ಗೀಸ್ ಮಂಡಕ್ಕಿ.

"ಇದು ತಿನ್ನೋಕಲ್ಲ. ಪ್ಯಾಕಿಂಗು," ಅಂದ.

ಕೆಲವು ವಾರ ಕಳೆದು ಬಸುನ ಫೋನ್ ಬಂತು. ಡಬ್ಬ ಮುಟ್ಟಿದೆ. ಮಂಡಕ್ಕಿ ಮೆತ್ತಗೇ ಆಗಿತ್ತಂತೆ, ಆದರೆ ತವಾ ಮೇಲೆ ಹುರಿದ ಕೂಡಲೇ ಮತ್ತೆ ಗರಿಗರಿ. ಈರುಳ್ಳಿ ಹೆಚ್ಚಿ, ಚಟ್ನಿಪುಡಿ ಕಲಸಿ ಇಟ್ಟಿದ್ದಾನೆ. ಪಂಜಾಬಿನವರು, ಗಢವಾಲಿನವರು ಎಲ್ಲ ಮುಗಿಬಿದ್ದು ಒಂದೇ ಸಂಜೆಗೆ ಖಾಲಿ. ಅವನಿಗೆ ಸಿಕ್ಕಿದ್ದು ಒಂದು ಹಿಡಿ.

"ಮುಂದಿನ ಸಲ ಚಟ್ನಿಪುಡಿ ಕವರಿನ ಮೇಲೆ ಮದ್ದು ಅಂತ ಬರೀರಿ ಮಾವ. ಆಗ ಯಾರೂ ಮುಟ್ಟಲ್ಲ."

ಮಂಜಣ್ಣ ಮಾರ್ಕರ್ ತರೋಕೆ ಎದ್ದೇಬಿಟ್ಟ. ಸುಬೇದಾರ್ರು ಅವನ ಅಂಗಿ ಹಿಡಿದು ಕೂರಿಸಿದರು. "ಸೈನ್ಯದ ಅಂಚೆಯಲ್ಲಿ ಮದ್ದು ಅಂತ ಬರೆದು ಕಳಿಸ್ತೀಯಾ? ಡಬ್ಬದ ಜೊತೆ ನಿನ್ನನ್ನೂ ಬಿಚ್ಚಿ ನೋಡ್ತಾರೆ."